80/600 ರಿಫ್ರ್ಯಾಕ್ಟರ್‌ಗೆ ಕ್ಯಾಮೆರಾ ಹಾಕಿದ್ರೆ ಫೋಕಸ್ ಸಿಗ್ತಿಲ್ಲ, ಎಷ್ಟು ಎಂಎಂ ಸ್ಪೇಸರ್ ಬೇಕು?

ಕುಕ್ಕರಹಳ್ಳಿ ಏರಿ
ಎಲ್ಲರಿಗೂ ನಮಸ್ಕಾರ. ಟೆಲಿಸ್ಕೋಪು 80 ಎಂಎಂ ಇಡಿ ಡಬ್ಲೆಟ್ (ಮುಂದೆ ಎರಡು ಗಾಜಿನ ಲೆನ್ಸ್), ಫೋಕಲ್ ಲೆಂಗ್ತ್ 600, ಅಂದ್ರೆ ಎಫ್/7.5. ಎರಡಿಂಚಿನ ಫೋಕಸರ್, ಅದರಲ್ಲಿ ಒಳಗೆ ಹೊರಗೆ ಜಾರೋ ಕೊಳವೆ, ಅಂದ್ರೆ ಡ್ರಾಟ್ಯೂಬ್, ಪೂರ್ತಿ ಎಳೆದರೆ 75 ಎಂಎಂ ಆಚೆ ಬರುತ್ತೆ. ಎರಡಿಂಚಿನ ಡಯಾಗನಲ್‌ಗೆ (ಬೆಳಕನ್ನ ಐಪೀಸ್ ಕಡೆ ತಿರುಗಿಸೋ ಭಾಗ) 25 ಎಂಎಂ ಐಪೀಸ್ ಹಾಕಿ ನೋಡಿದ್ರೆ ಸ್ಕೇಲ್ 45ರ ಹತ್ತಿರ ಇದ್ದಾಗ ಚಂದ್ರ ಸ್ಪಷ್ಟ. ಡಯಾಗನಲ್ ತೆಗೆದು ಕ್ಯಾನನ್ ಡಿಎಸ್‌ಎಲ್‌ಆರ್, ಟಿ-ರಿಂಗ್ (ಕ್ಯಾಮೆರಾ ಬಾಯಿಗೆ ಕೂರೋ ಥ್ರೆಡ್ ಉಂಗುರ), ಎರಡಿಂಚಿನ ನೋಸ್‌ಪೀಸ್ (ಫೋಕಸರ್ ಒಳಗೆ ಕೂರೋ ಕೊಳವೆ) ಹಾಕಿದ್ರೆ ಡ್ರಾಟ್ಯೂಬ್ ಕೊನೇ ತನಕ ಎಳೆದ್ರೂ ಚಂದ್ರ ಮಂಜು ಮಂಜು.

ಮೂಲೆಯ ನಕ್ಷತ್ರಗಳೂ ಸ್ಪಷ್ಟ ಬರಲಿ ಅಂತ ಫ್ಲ್ಯಾಟ್ನರ್ ಅನ್ನೋ ಲೆನ್ಸ್ ಒಂದು ತರಿಸಿದ್ದೀನಿ, ಅದರ ಮೇಲೆ 55 ಎಂಎಂ ಬ್ಯಾಕ್‌ಫೋಕಸ್ ಅಂತ ಬರೆದಿದೆ. ಈಗ 50 ಎಂಎಂ ಸ್ಪೇಸರ್ ತಗೊಂಡು ಫ್ಲ್ಯಾಟ್ನರ್ ಮತ್ತೆ ಕ್ಯಾಮೆರಾ ಮಧ್ಯ ಹಾಕಿದ್ರೆ ಎರಡೂ ಸಮಸ್ಯೆ ಒಟ್ಟಿಗೆ ತೀರುತ್ತಾ?

ಸರಸ್ವತಿಪುರಂ 102
ತೀರಲ್ಲ. ಫೋಕಸ್ ಸಿಗಬಹುದು, ಮೂಲೆಯ ನಕ್ಷತ್ರ ಕೆಡುತ್ತೆ.

ಹಿನ್ನೀರು
ಯಾವ ಟೆಲಿಸ್ಕೋಪ್ ಆದ್ರೂ 55 ಎಂಎಂ ಬೇಕೇ ಬೇಕು ಸಾರ್. ನಿಮ್ಮದು 55 ಆಗಿಲ್ಲ, ಅದಕ್ಕೇ ಫೋಕಸ್ ಇಲ್ಲ.

ಪುನರ್ವಸು
@ಹಿನ್ನೀರು, ಹಾಗಲ್ಲ. ಈ 55 ಎಲ್ಲರನ್ನೂ ದಾರಿ ತಪ್ಪಿಸುತ್ತೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ಇಲ್ಲಿ ಎರಡು ಬೇರೆ ಬೇರೆ ಅಳತೆ ಇದೆ.

ಮೊದಲನೆಯದು, ಮುಂದಿನ ಲೆನ್ಸ್ ಚಿತ್ರವನ್ನ ಎಲ್ಲಿ ಕಟ್ಟುತ್ತೆ, ಸೆನ್ಸರ್ ಅಲ್ಲಿಗೆ ತಲುಪುತ್ತಾ ಅನ್ನೋದು. ಇದನ್ನ ಡ್ರಾಟ್ಯೂಬಿನ ಓಡಾಟ ಮತ್ತೆ ಫೋಕಸರ್ ಹಿಂದೆ ಹಾಕೋ ಎಕ್ಸ್‌ಟೆನ್ಷನ್ ನಿರ್ಧರಿಸುತ್ತೆ. ಎರಡನೆಯದು, ಫ್ಲ್ಯಾಟ್ನರ್‌ನ ಹಿಂದಿನ ಥ್ರೆಡ್ ಅಂಚಿನಿಂದ ಸೆನ್ಸರ್‌ವರೆಗಿನ ದೂರ. ಇದು ಫ್ಲ್ಯಾಟ್ನರ್ ವಿನ್ಯಾಸ ಮಾಡಿದವರು ಕೊಟ್ಟ ಅಳತೆ. ಫೋಕಸರ್ ತಿರುಗಿಸಿದಾಗ ಫ್ಲ್ಯಾಟ್ನರ್, ಕ್ಯಾಮೆರಾ ಎರಡೂ ಒಟ್ಟಿಗೆ ಚಲಿಸೋದರಿಂದ ಈ ದೂರ ಬದಲಾಗೋದೇ ಇಲ್ಲ. ಫ್ಲ್ಯಾಟ್ನರ್ ಇಲ್ಲದಿದ್ರೆ 55ಕ್ಕೆ ಅರ್ಥವೂ ಇಲ್ಲ.

ಹಾಗಾಗಿ ಫೋಕಸ್ ಆಚೆ ಸಾಲದೇ ಬಂದ್ರೆ ಸ್ಪೇಸರ್ ಹೋಗಬೇಕಾದ್ದು ಫ್ಲ್ಯಾಟ್ನರ್ ಮುಂದೆ, ಅಂದ್ರೆ ಡ್ರಾಟ್ಯೂಬ್ ಮತ್ತೆ ಫ್ಲ್ಯಾಟ್ನರ್ ಮಧ್ಯ. ಹಿಂದೆ 50 ಸೇರಿಸಿದ್ರೆ ದೂರ 105 ಆಗುತ್ತೆ, ಫ್ಲ್ಯಾಟ್ನರ್ ತರಿಸಿದ್ದೇ ವ್ಯರ್ಥ.

ಕೃತ್ತಿಕೆ
ನಿಮ್ಮ ಕ್ಯಾನನ್‌ಗೆ 55 ಆಗಲೇ ಆಗಿದೆ. ಕ್ಯಾನನ್ ಇಎಫ್ ಮೌಂಟಿನಿಂದ ಸೆನ್ಸರ್‌ಗೆ 44, ಟಿ-ರಿಂಗ್ ದಪ್ಪ 11, ಕೂಡಿದ್ರೆ 55. ನಿಕಾನ್ ಎಫ್ ಆದ್ರೆ 46.5 + 8.5, ಅದೂ 55. ಟಿ-ರಿಂಗನ್ನ ನೇರ ಫ್ಲ್ಯಾಟ್ನರ್ ಥ್ರೆಡ್‌ಗೆ ಹಾಕಿ ಅಷ್ಟೆ, ಮಧ್ಯ ಏನೂ ಬೇಡ.

ಮಿರರ್‌ಲೆಸ್ ಇರೋರಿಗೆ ಮಾತ್ರ ಉದ್ದ ಕೊಳವೆ ಬೇಕು. ಸೋನಿ ಇ ಮೌಂಟ್ 18, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಕ್ರಮವಾಗಿ 37, 39, 35 ಸೇರಿಸಬೇಕು.

ಕುಕ್ಕರಹಳ್ಳಿ ಏರಿ
ಕೃತ್ತಿಕೆ ಮೇಡಂ, ಫ್ಲ್ಯಾಟ್ನರ್ ಹಿಂದೆ ಎಂ48 (48 ಎಂಎಂ ಅಗಲದ) ಥ್ರೆಡ್ ಇದೆ, ಟಿ-ರಿಂಗ್ ಎಂ42. ಮಧ್ಯ ಅಡಾಪ್ಟರ್ ಬೇಕಲ್ವಾ?

ಕೃತ್ತಿಕೆ
ಅಡಾಪ್ಟರ್ ಹಾಕಿದ್ರೆ ಅದರ ದಪ್ಪವೂ 55ಕ್ಕೆ ಸೇರುತ್ತೆ. ಅದಕ್ಕಿಂತ ಎಂ48 ಟಿ-ರಿಂಗೇ ತಗೊಳ್ಳಿ, ದಪ್ಪ ಅದೇ 11, ಬಾಯಿ ದೊಡ್ಡದು. ಎಪಿಎಸ್-ಸಿ ಸೆನ್ಸರ್ ಕರ್ಣ ಸುಮಾರು 28 ಎಂಎಂ, ಅದಕ್ಕೆ ಎಂ42 ಸಾಕು. ಫುಲ್‌ಫ್ರೇಮ್ 43 ದಾಟುತ್ತೆ, ಅಲ್ಲಿ ಎಂ42 ಬಾಯಿ ಮೂಲೆಗೆ ನೆರಳು ಕೊಟ್ಟೇ ಕೊಡುತ್ತೆ. ಇನ್ನು 1.25 ಇಂಚಿನ ನೋಸ್‌ಪೀಸ್‌ಗೆ ಡಿಎಸ್‌ಎಲ್‌ಆರ್ ಹಾಕೋದನ್ನ ಮರೆತುಬಿಡಿ.

ತೂಬಿನಕೆರೆ ಲೇತ್
ಎಂ42 ಅಂತ ಕಂಡಿದ್ದನ್ನೆಲ್ಲ ತಗೊಬ್ಯಾಡಿ ಕಣಣ್ಣ. ಟೆಲಿಸ್ಕೋಪಿಂದು ಎಂ42 ಗುಣಿಸು 0.75 ಪಿಚ್ಚು, ಅಂದ್ರೆ ಥ್ರೆಡ್‌ನ ಒಂದು ಸುತ್ತಿಂದ ಇನ್ನೊಂದಕ್ಕಿರೋ ದೂರ. ಹಳೇ ಕ್ಯಾಮೆರಾ ಲೆನ್ಸಿಂದು ಎಂ42 ಗುಣಿಸು 1. ಎರಡೂ ನೋಡಕ್ಕೆ ಒಂದೇ ಥರ. ಎರಡು ಸುತ್ತು ಚೆನ್ನಾಗೇ ಹೋಯ್ತದೆ, ಆಮೇಲೆ ಕಚ್ಕತದೆ. ಅಲ್ಲಿಗೇ ನಿಲ್ಲಿಸಿ ವಾಪಸ್ ಬಿಚ್ಚಿ. ಬಲ ಹಾಕುದ್ರೆ ಅಲ್ಯೂಮಿನಿಯಂ ಥ್ರೆಡ್ ಹರಿದೋಯ್ತದೆ, ಎರಡೂ ಪೀಸು ಹಾಳು.

ಮೇಲುಕೋಟೆ ರಾತ್ರಿ
ಮೊದಲನೇ ಪ್ರಶ್ನೆಗೆ ಯಾರೂ ಸಂಖ್ಯೆ ಕೊಟ್ಟಿಲ್ಲ. ಕ್ಯಾಮೆರಾ ಏನೂ ಬೇಡ, ಅಳೆಯೋದು ಹೀಗೆ.

ಡ್ರಾಟ್ಯೂಬ್ ಪೂರ್ತಿ ಒಳಗೆ ತಳ್ಳಿ, ಲಾಕ್ ಮಾಡಿ. ಡಯಾಗನಲ್ ತೆಗೆದು ಚಂದ್ರನ ಕಡೆ ತಿರುಗಿಸಿ. ಹಿಂದೆ ಒಂದು ಟ್ರೇಸಿಂಗ್ ಪೇಪರ್ ಹಿಡಿದು ಹಿಂದೆ ಮುಂದೆ ಆಡಿಸಿ. ಒಂದು ಜಾಗದಲ್ಲಿ ಚಂದ್ರನ ಚಿತ್ರ ಪುಟ್ಟದಾಗಿ, ಅಂಚು ಕತ್ತರಿಸಿದ ಹಾಗೆ ಕಾಣುತ್ತೆ. 600 ಎಂಎಂಗೆ ಅದರ ಅಗಲ ಸುಮಾರು ಐದೂವರೆ ಎಂಎಂ ಇರುತ್ತೆ, ಕಪ್ಪು ಕಲೆಗಳು ಕೂಡ ಗೊತ್ತಾಗುತ್ತೆ. ಡ್ರಾಟ್ಯೂಬಿನ ಹಿಂಬದಿ ಅಂಚಿನಿಂದ ಕಾಗದಕ್ಕೆ ಸ್ಕೇಲ್ ಇಟ್ಟು ಅಳೆಯಿರಿ. ಒಂದೆರಡು ಎಂಎಂ ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಏನೇ ಕೊಂಡರೂ ಅದೇ ಆಧಾರ.

ಸೂರ್ಯನ ಮೇಲೆ ಈ ಪರೀಕ್ಷೆ ಬೇಡವೇ ಬೇಡ. ಕಾಗದ ಸುಡುತ್ತೆ, ಕಣ್ಣು ಅಡ್ಡ ಬಂದ್ರೆ ಕಣ್ಣೇ ಹೋಗುತ್ತೆ.

ಸರಸ್ವತಿಪುರಂ 102
ಚಂದ್ರ ಇಲ್ಲದ ದಿನ ಚಾಮುಂಡಿ ಬೆಟ್ಟದ ಗೋಪುರ ಸಾಕು. ಕುವೆಂಪುನಗರ ಕಡೆಯ ತಾರಸಿಯಿಂದ ನಾಲ್ಕೈದು ಕಿಲೋಮೀಟರ್ ದೂರ ಅಂದ್ರೆ ಫೋಕಸ್ ವ್ಯತ್ಯಾಸ 0.1 ಎಂಎಂಗಿಂತ ಕಮ್ಮಿ. ಕ್ಯಾಮೆರಾ ಹಾಕಿ ಹಗಲೇ ಅಳತೆ ಮುಗಿಸಬಹುದು.

ಪುನರ್ವಸು
ಗೋಪುರ ಸರಿ. ಎದುರು ಮನೆಯ ನೀರಿನ ಟ್ಯಾಂಕ್ ಮಾತ್ರ ಬೇಡ. ಫೋಕಲ್ ಲೆಂಗ್ತ್ ವರ್ಗವನ್ನ ದೂರದಿಂದ ಭಾಗಿಸಿದ್ರೆ ಫೋಕಸ್ ಎಷ್ಟು ಹಿಂದೆ ಸರಿಯುತ್ತೆ ಅಂತ ಸಿಗುತ್ತೆ. 600 ಎಂಎಂಗೆ 100 ಮೀಟರ್ ದೂರದ ವಸ್ತು 3.6 ಎಂಎಂ ಹಿಂದೆ ಬೀಳುತ್ತೆ. 20 ಮೀಟರ್ ಆದ್ರೆ 18 ಎಂಎಂ. ಆ ಲೆಕ್ಕದಲ್ಲಿ ಸ್ಪೇಸರ್ ಮಾಡಿಸಿದ್ರೆ ರಾತ್ರಿ ಉದ್ದ ಜಾಸ್ತಿ ಆಗಿರುತ್ತೆ.

ಕುಕ್ಕರಹಳ್ಳಿ ಏರಿ
ಚಂದ್ರನ ಮೇಲೆ ಅಳೆದೆ. ಡ್ರಾಟ್ಯೂಬ್ ಪೂರ್ತಿ ಒಳಗಿದ್ದಾಗ ಹಿಂಬದಿ ಅಂಚಿನಿಂದ ಕಾಗದಕ್ಕೆ 148 ಎಂಎಂ. ನೋಸ್‌ಪೀಸ್‌ನ ಭುಜದ (ಡ್ರಾಟ್ಯೂಬ್ ಬಾಯಿಗೆ ತಾಗಿ ಹೊರಗೇ ನಿಲ್ಲೋ ಅಂಚು) ದಪ್ಪ ವರ್ನಿಯರ್‌ನಲ್ಲಿ 5. ಫ್ಲ್ಯಾಟ್ನರ್ ಭುಜದಿಂದ ಅದರ ಹಿಂದಿನ ಥ್ರೆಡ್ ಅಂಚಿಗೆ 20. ಡಯಾಗನಲ್ ಒಳಗಿನ ಬೆಳಕಿನ ದಾರಿ 105 ಅಂತ ಅದರ ಕಾಗದದಲ್ಲಿದೆ.

ಮೇಲುಕೋಟೆ ರಾತ್ರಿ
ಭೇಷ್, ಇನ್ನು ಕೂಡಿ ಕಳೆಯೋದಷ್ಟೇ.

ಬರೀ ಕ್ಯಾಮೆರಾ: 55 + 5 = 60. 148ರಲ್ಲಿ 60 ಕಳೆದ್ರೆ 88. ಡ್ರಾಟ್ಯೂಬ್ ಬರೋದು 75. ಸಾಲದೇ ಇರೋದು ಬರೀ 13 ಎಂಎಂ!

ಫ್ಲ್ಯಾಟ್ನರ್ ಜೊತೆ: 20 + 55 = 75. 148ರಲ್ಲಿ ಕಳೆದ್ರೆ 73. ಸಿಗುತ್ತೆ, ಆದ್ರೆ ಡ್ರಾಟ್ಯೂಬ್ ತುದೀಲಿ ನೇತಾಡ್ತಾ ಇರುತ್ತೆ. 1ಎಕ್ಸ್ (ಚಿತ್ರದ ಗಾತ್ರ ಬದಲಿಸದ) ಫ್ಲ್ಯಾಟ್ನರ್ ಫೋಕಸನ್ನ ಒಂದೆರಡು ಎಂಎಂ ಆಚೀಚೆ ಮಾಡಿದ್ರೆ ಅದೂ ಇಲ್ಲ.

50 ಎಂಎಂ ಎಕ್ಸ್‌ಟೆನ್ಷನ್ ಡ್ರಾಟ್ಯೂಬ್‌ಗೆ ಹಾಕಿದ್ರೆ ಬರೀ ಕ್ಯಾಮೆರಾಗೆ 38, ಫ್ಲ್ಯಾಟ್ನರ್‌ಗೆ 23. ಚೆನ್ನಾಗಿದೆ. 50 ತಗೊಳ್ಳಿ.

ಕೃತ್ತಿಕೆ
50 ಬೇಡ, 35 ತಗೊಳ್ಳಿ ಅಂತೀನಿ ನಾನು.

148ರಲ್ಲಿ ಡಯಾಗನಲ್ 105 ಕಳೆದ್ರೆ ಉಳಿಯೋದು 43. 50 ಹಾಕಿಟ್ಟರೆ ಕಣ್ಣಲ್ಲಿ ನೋಡುವಾಗ ಫೋಕಸ್ ಸಿಗೋದೇ ಇಲ್ಲ, 7 ಎಂಎಂ ಒಳಗೆ ಸಾಲದು. ಪ್ರತಿ ಸಲ ಎಕ್ಸ್‌ಟೆನ್ಷನ್ ಬಿಚ್ಚಬೇಕು. 35 ಹಾಕಿದ್ರೆ ಡಯಾಗನಲ್‌ಗೆ 8, ಫ್ಲ್ಯಾಟ್ನರ್‌ಗೆ 38, ಬರೀ ಕ್ಯಾಮೆರಾಗೆ 53. ಮೂರೂ ಒಂದೇ ಕೊಳವೆಯಲ್ಲಿ ಆಗುತ್ತೆ. ಎರಡಿಂಚಿನಲ್ಲಿ 35, 50, 80 ಸಿದ್ಧವಾಗೇ ಸಿಗುತ್ತೆ, ಮಾಡಿಸೋ ಅಗತ್ಯವೂ ಇಲ್ಲ.

ಮೇಲುಕೋಟೆ ರಾತ್ರಿ
8 ತುಂಬ ಕಮ್ಮಿ ಮೇಡಂ. ಐಪೀಸ್ ಬದಲಾದ್ರೆ ಫೋಕಸ್ ಕೆಲವು ಎಂಎಂ ಓಡಾಡುತ್ತೆ. ಇವರ ಲೆಕ್ಕದಲ್ಲೇ ನೋಡಿ, 43 ಬರಬೇಕಾದ ಕಡೆ ಸ್ಕೇಲ್ 45ರ ಹತ್ತಿರ ಅಂದಿದ್ದಾರೆ. ಚಾಳೀಸಿಲ್ಲದೆ ನೋಡೋ ಸಮೀಪದೃಷ್ಟಿಯವರಿಗೆ ಇನ್ನೂ ಒಳಗೆ ಬೇಕು.

ಪುನರ್ವಸು
ಸಮೀಪದೃಷ್ಟಿಯ ಲೆಕ್ಕ ನೋಡೋಣ. ಐಪೀಸ್ ಫೋಕಲ್ ಲೆಂಗ್ತ್ ವರ್ಗವನ್ನ ಡಯಾಪ್ಟರ್‌ನಿಂದ ಗುಣಿಸಿ 1000ದಿಂದ ಭಾಗಿಸಿ. ಮೈನಸ್ 4 ಕಣ್ಣಿಗೆ 25 ಎಂಎಂ ಐಪೀಸ್‌ನಲ್ಲಿ 2.5 ಎಂಎಂ, 10 ಎಂಎಂನಲ್ಲಿ 0.4. ಹಾಗಾಗಿ 8ರೊಳಗೆ ಅಡಗುತ್ತೆ. ಅವರ ಹತ್ರ ಇರೋ ಐಪೀಸ್‌ಗಳನ್ನೆಲ್ಲ ಒಂದ್ಸಲ ಹಾಕಿ ಸ್ಕೇಲ್ ಬರೆದುಕೊಳ್ಳಲಿ. ಎಲ್ಲವೂ 38ರ ಮೇಲೆ ನಿಂತರೆ 35 ಎಂಎಂ ಧೈರ್ಯವಾಗಿ ತಗೋಬಹುದು. ನನ್ನ ಮತವೂ 35ಕ್ಕೇ.

ಹಿನ್ನೀರು
ಸರಿ, ಫ್ಲ್ಯಾಟ್ನರ್ ಇಲ್ಲದಿದ್ರೆ 55 ಲೆಕ್ಕಕ್ಕಿಲ್ಲ ಅಂತ ಒಪ್ಪಿದೆ. ಆದ್ರೆ ಡ್ರಾಟ್ಯೂಬ್ 73ಕ್ಕೆ ಎಳೆದು ಲಾಕ್ ಮಾಡಿದ್ರೆ ಏನು ತೊಂದರೆ? ಎಕ್ಸ್‌ಟೆನ್ಷನ್ ಕಾಸು ಉಳಿಯುತ್ತಲ್ಲ.

ತೂಬಿನಕೆರೆ ಲೇತ್
ಬಗ್ಗೋಯ್ತದೆ. ಡ್ರಾಟ್ಯೂಬ್ ಈಚೆಗೆ ಬಂದಷ್ಟೂ ಒಳಗಡೆ ಹಿಡ್ಕಂಡಿರೋ ಉದ್ದ ಕಮ್ಮಿ. ತುದೀಗೆ ಕ್ಯಾಮೆರಾ ತೂಕ. ಎಕ್ಸ್‌ಟೆನ್ಷನ್ ಹಾಕುದ್ರೂ ಕ್ಯಾಮೆರಾ ಅಷ್ಟೇ ದೂರ ಇರ್ತದೆ, ಆದ್ರೆ ಡ್ರಾಟ್ಯೂಬ್ ಒಳಗೆ ಭದ್ರವಾಗಿ ಕುಂತಿರ್ತದೆ. ಅಷ್ಟೇ ವ್ಯತ್ಯಾಸ, ಆದ್ರೆ ದೊಡ್ಡ ವ್ಯತ್ಯಾಸ ಅದು.

ಪುನರ್ವಸು
ಅದರ ಜೊತೆಗೆ ಚಳಿ. ಅಲ್ಯೂಮಿನಿಯಂ ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಕುಗ್ಗುತ್ತೆ. 600 ಎಂಎಂ ಟ್ಯೂಬ್ 10 ಡಿಗ್ರಿ ಇಳಿದರೆ 0.14 ಎಂಎಂ. ಎಫ್/7.5ರಲ್ಲಿ ಸಹಿಸಬಲ್ಲ ಫೋಕಸ್ ವಲಯ ಒಟ್ಟು 0.15ರ ಆಸುಪಾಸು (4.88 ಗುಣಿಸು 0.55 ಮೈಕ್ರಾನ್ ಗುಣಿಸು ಎಫ್ ಸಂಖ್ಯೆಯ ವರ್ಗ). ಟ್ಯೂಬ್ ಕುಗ್ಗಿದಷ್ಟೂ ಡ್ರಾಟ್ಯೂಬ್ ಇನ್ನೂ ಆಚೆ ಬರಬೇಕು. ಕೊನೇ ತುದೀಲಿ ನಿಂತವರಿಗೆ ಆಚೆ ಹೋಗೋಕೆ ಜಾಗ ಇರಲ್ಲ. ಫೋಕಸ್ ಬಿಂದು ಡ್ರಾಟ್ಯೂಬಿನ ಮಧ್ಯಭಾಗಕ್ಕೆ ಬರೋ ಹಾಗೆ ಸ್ಪೇಸರ್ ಆರಿಸಬೇಕು ಅನ್ನೋದು ಅದಕ್ಕೇ.

ಚಿತ್ತಾ
ನಾನು 0.8ಎಕ್ಸ್ ರೆಡ್ಯೂಸರ್ (ಫೋಕಲ್ ಲೆಂಗ್ತ್ ಕಮ್ಮಿ ಮಾಡೋ ಲೆನ್ಸ್) ತರಿಸೋಳಿದ್ದೀನಿ. ಅದಕ್ಕೂ 35 ನಡೆಯುತ್ತಾ?

ಮೇಲುಕೋಟೆ ರಾತ್ರಿ
ರೆಡ್ಯೂಸರ್ ಫೋಕಸನ್ನ ಒಳಕ್ಕೆ ಎಳೆಯುತ್ತೆ. 0.8ಎಕ್ಸ್, ಹಿಂದೆ 55 ಅಂದ್ರೆ 55 ಭಾಗಿಸು 0.8, ಹತ್ತಿರ ಹತ್ತಿರ 69. ಅಂದ್ರೆ ಮೂಲ ಫೋಕಸ್‌ಗಿಂತ ಸುಮಾರು 14 ಎಂಎಂ ಮುಂದೆ ಚಿತ್ರ ಬೀಳುತ್ತೆ. ಏರಿಯವರ ಟ್ಯೂಬಿನ ಲೆಕ್ಕದಲ್ಲಿ 148 ಹೋಗಿ 134. 75 ಕಳೆದ್ರೆ 59, ಎಕ್ಸ್‌ಟೆನ್ಷನ್ ಇಲ್ಲದೆಯೂ ಆಗುತ್ತೆ, 35 ಹಾಕಿದ್ರೆ 24. 50 ಹಾಕಿದ್ರೆ 9 ಮಾತ್ರ. ಇಲ್ಲೂ ಕೃತ್ತಿಕೆಯವರ 35ಏ ಗೆಲ್ಲುತ್ತೆ, ಒಪ್ಪಿಕೊಂಡೆ.

ಆದ್ರೆ ಚಿತ್ತಾ ಮೇಡಂ, ನಿಮ್ಮ ಟೆಲಿಸ್ಕೋಪ್ ಬೇರೆ, ನಿಮ್ಮ 148 ಬೇರೆ. ಮೊದಲು ಕಾಗದ ಹಿಡಿದು ಅಳೆಯಿರಿ.

ಹಿನ್ನೀರು
ಎರಡೂ ಕಣ್ಣಲ್ಲಿ ನೋಡೋಕೆ ಬೈನೋವ್ಯೂವರ್ ಹಾಕೋರಿಗೆ ಯಾವ ಸ್ಪೇಸರ್?

ಸರಸ್ವತಿಪುರಂ 102
ಅಲ್ಲಿ ಸ್ಪೇಸರ್ ಕೆಲಸಕ್ಕೆ ಬರಲ್ಲ, ಸಮಸ್ಯೆ ಉಲ್ಟಾ. ಬೈನೋವ್ಯೂವರ್ ಒಂದೇ 110 ಎಂಎಂ ಆಸುಪಾಸು ನುಂಗುತ್ತೆ, ಡಯಾಗನಲ್ 105. 148 ಎಲ್ಲಿ, 215 ಎಲ್ಲಿ? ಬೈನೋವ್ಯೂವರ್ ಮುಂದೆ ಬಾರ್ಲೋ ಅಥವಾ ಗ್ಲಾಸ್ ಪಾತ್ ಕರೆಕ್ಟರ್ ಹಾಕಿ ಫೋಕಸನ್ನ ಹಿಂದಕ್ಕೆ ತಳ್ಳಬೇಕು. ಕೆಲವರು ಟ್ಯೂಬನ್ನೇ ಕತ್ತರಿಸ್ತಾರೆ, ಅದಕ್ಕೆ ಕೈ ಹಾಕಬೇಡಿ.

ಚಿತ್ತಾ
ಫ್ಲ್ಯಾಟ್ನರ್ ಹಿಂದೆ ಫಿಲ್ಟರ್ ಹಾಕಿದ್ರೆ 55 ಬದಲಾಗುತ್ತೆ ಅಂತ ಓದಿದ್ದೆ. ನಿಜವಾ?

ಕೃತ್ತಿಕೆ
ನಿಜ. ಗಾಜಿನ ದಪ್ಪದ ಮೂರನೇ ಒಂದು ಭಾಗ ಸೇರಿಸಬೇಕು. 2 ಎಂಎಂ ಫಿಲ್ಟರ್‌ಗೆ 0.7, ಅಂದ್ರೆ 55.7. ಇದಕ್ಕೇ 0.3, 0.5, 1 ಎಂಎಂ ತೆಳು ರಿಂಗ್‌ಗಳು ಬರೋದು. ಫ್ಲ್ಯಾಟ್ನರ್ ಮುಂದಿನ ಥ್ರೆಡ್‌ಗೆ ಫಿಲ್ಟರ್ ಹಾಕಿದ್ರೆ ಈ ತಲೆನೋವಿಲ್ಲ, ಫೋಕಸರ್ ಸರಿದೂಗಿಸುತ್ತೆ.

ಕೂಲ್ಡ್ (ಸೆನ್ಸರ್ ತಣ್ಣಗಿಡೋ) ಕ್ಯಾಮೆರಾದವರಿಗೆ: ಝಡ್‌ಡಬ್ಲ್ಯೂಒ ಕಂಪನಿಯ ಬಹಳಷ್ಟು ಕ್ಯಾಮೆರಾಗಳಲ್ಲಿ ಅಂಚಿನಿಂದ ಸೆನ್ಸರ್‌ಗೆ 6.5, ಜೊತೆಗೆ ಬರೋ ರಿಂಗ್‌ಗಳು 11, 16.5, 21. ನಾಲ್ಕೂ ಕೂಡಿದ್ರೆ 55. ಫಿಲ್ಟರ್ ವೀಲ್ 20 ಎಂಎಂ ಇದ್ದರೆ 21ರ ರಿಂಗ್ ತೆಗೆದು ಅದನ್ನ ಹಾಕಿ. ಆಗ ಒಟ್ಟು 54, ಮೇಲೆ 1 ಮತ್ತು ಫಿಲ್ಟರಿನ 0.7 ತೆಳು ರಿಂಗ್‌ನಲ್ಲಿ ತುಂಬಿಸಬೇಕು.

ಸರಸ್ವತಿಪುರಂ 102
ಇಷ್ಟೆಲ್ಲ ಕೂಡೋದಕ್ಕಿಂತ ಒಂದು ಫೋಟೋ ತೆಗೆದು ಮೂಲೆ ನೋಡಿ. ನಕ್ಷತ್ರ ಮಧ್ಯದಿಂದ ಹೊರಕ್ಕೆ ಕಿರಣದ ಹಾಗೆ ಎಳೆದಿದ್ರೆ ಸೆನ್ಸರ್ ಹತ್ತಿರ ಇದೆ, ರಿಂಗ್ ಸೇರಿಸಿ. ಮಧ್ಯದ ಸುತ್ತ ಬಳೆ ಬರೆದ ಹಾಗೆ ಬಾಗಿದ್ರೆ ದೂರ ಇದೆ, ತೆಗೀರಿ.

ಪುನರ್ವಸು
ಅದು ಬಹಳಷ್ಟು ಫ್ಲ್ಯಾಟ್ನರ್‌ಗಳಿಗೆ ನಿಜ, ಎಲ್ಲದಕ್ಕೂ ಅಲ್ಲ. ಕಣ್ಣು ಮುಚ್ಚಿ ನಂಬೋದು ಬೇಡ. 1 ಎಂಎಂ ಸೇರಿಸಿ ಒಂದು ಫೋಟೋ, ತೆಗೆದು ಒಂದು ಫೋಟೋ. ಯಾವ ಕಡೆ ಸುಧಾರಿಸಿತು ನೋಡಿ ಆ ಕಡೆ ಹೋಗಿ. ಪ್ರತಿ ಸಲವೂ ಮಧ್ಯದ ನಕ್ಷತ್ರದ ಮೇಲೆ ಹೊಸದಾಗಿ ಫೋಕಸ್ ಮಾಡಬೇಕು, ಇಲ್ಲದಿದ್ರೆ ಹೋಲಿಕೆಗೆ ಬೆಲೆ ಇಲ್ಲ. ನಾಲ್ಕೂ ಮೂಲೆ ಒಂದೇ ಥರ ಕೆಟ್ಟಿದ್ರೆ ಮಾತ್ರ ದೂರದ ತಪ್ಪು. ಒಂದು ಮೂಲೆ ಚೆನ್ನಾಗಿದ್ದು ಎದುರು ಮೂಲೆ ಕೆಟ್ಟಿದ್ರೆ ಅದು ವಾರೆ. ರಿಂಗ್ ಎಷ್ಟು ಬದಲಾಯಿಸಿದ್ರೂ ಹೋಗಲ್ಲ.

ಕುಕ್ಕರಹಳ್ಳಿ ಏರಿ
35 ಎಂಎಂ ಬೇಕಾದ ಅಳತೆಗೆ ಇಲ್ಲೇ ಮಾಡಿಸಬಹುದಾ? ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಅಂಗಡಿಗಳಿವೆ. ಇಲ್ಲಾ 3ಡಿ ಪ್ರಿಂಟ್?

ತೂಬಿನಕೆರೆ ಲೇತ್
ಮಾಡಿಸ್ಬೋದು. ಆದ್ರೆ ಬಾಯಲ್ಲಿ ಹೇಳಿ ಬರಬ್ಯಾಡಿ. ಸೇರಬೇಕಾದ ಪೀಸನ್ನೇ ಕೈಲಿ ಹಿಡ್ಕಂಡೋಗಿ, ಥ್ರೆಡ್ ಗಂಡು ಯಾವ ಕಡೆ ಹೆಣ್ಣು ಯಾವ ಕಡೆ, ಪಿಚ್ಚು 0.75 ಅಂತ ಚೀಟೀಲಿ ಬರ್ಕೊಡಿ. ಉದ್ದ ಅಂದ್ರೆ ಭುಜದಿಂದ ಭುಜಕ್ಕೆ. ಒಳಗೆ ಹೋಗೋ ಗಂಡು ಥ್ರೆಡ್ ಲೆಕ್ಕಕ್ಕಿಲ್ಲ. ಇದನ್ನ ಹೇಳ್ದಿದ್ರೆ ತುದಿಯಿಂದ ತುದಿಗೆ 35 ಮಾಡಿ ಕೊಡ್ತಾರೆ, ನಿಮಗೆ 30 ಸಿಕ್ತದೆ. ಗಂಡು ಥ್ರೆಡ್ ಬುಡದಲ್ಲಿ ಸಣ್ಣ ಗಾಡಿ, ಅಂದ್ರೆ ಸುತ್ತ ಒಂದು ತೋಡು ಹೊಡೀಬೇಕು, ಇಲ್ದಿದ್ರೆ ಭುಜ ಪೂರ್ತಿ ಕೂರಲ್ಲ.

ಮುಖ್ಯವಾದ್ದು ಇನ್ನೊಂದದೆ. ಎರಡು ಭುಜನೂ ಒಂದಕ್ಕೊಂದು ಸಮ ಇರ್ಬೇಕು. ಆದಷ್ಟೂ ಒಂದೇ ಸಲ ಚಕ್‌ಗೆ ಕಟ್ಟಿ ಮಾಡಕ್ಕೇಳಿ. ತಿರುಗಿಸಿ ಕಟ್ಟಲೇಬೇಕು ಅಂದ್ರೆ ಡಯಲ್ ಇಟ್ಟು ನೋಡಿ ಕಟ್ಟಲಿ. 48 ಎಂಎಂ ಅಗಲದಲ್ಲಿ 0.1 ವಾರೆ ಆದ್ರೂ ಮೂಲೆ ನಕ್ಷತ್ರ ಹೇಳ್ತದೆ. ಒಳಗಡೆ ಮ್ಯಾಟ್ ಕಪ್ಪು ಬಳೀರಿ, ಹೊಳೆಯೋ ಅಲ್ಯೂಮಿನಿಯಂ ಬಿಟ್ರೆ ದೊಡ್ಡ ನಕ್ಷತ್ರದ ಬೆಳಕು ಉಂಗುರವಾಗಿ ಬೀಳ್ತದೆ. ಆನೊಡೈಸ್ ಮಾಡ್ಸಿದ್ರೆ ಥ್ರೆಡ್ ವಸಿ ಬಿಗಿಯಾಯ್ತದೆ, ಮೊದಲೇ ಸಡಿಲ ಬಿಡ್ಸಿ.

ಚಿತ್ತಾ
3ಡಿ ಪ್ರಿಂಟ್ ಬಗ್ಗೆ: ಪಿಎಲ್‌ಎ ಬೇಡ. 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸೊಟ್ಟಗಾಗಿಬಿಡುತ್ತೆ. ಪಿಇಟಿಜಿ ತಡೆಯುತ್ತೆ. ತೆಳು ಗೋಡೆ ಆದ್ರೆ ಕಪ್ಪು ಪ್ಲಾಸ್ಟಿಕ್ ಕೂಡ ಬೆಳಕು ಬಿಡುತ್ತೆ, ಟಾರ್ಚ್ ಹಿಡಿದು ನೋಡಿ. ಅಳತೆ ಖಚಿತ ಮಾಡ್ಕೊಳ್ಳೋಕೆ ತಾತ್ಕಾಲಿಕವಾಗಿ ಒಳ್ಳೇದು, ಭಾರದ ಕ್ಯಾಮೆರಾ ನೇತುಹಾಕೋಕೆ ಅಲ್ಲ.

ಹಿನ್ನೀರು
ಕೆಆರ್‌ಎಸ್ ಹಿನ್ನೀರಲ್ಲಿ ರಾತ್ರಿ ತೇವಕ್ಕೆ ರಿಂಗ್‌ಗಳು ಅಂಟಿಕೊಂಡು ಬಿಚ್ಚೋಕೇ ಬರಲ್ಲ. ಗ್ರೀಸ್ ಹಚ್ಚಬಹುದಾ?

ತೂಬಿನಕೆರೆ ಲೇತ್
ಸೆನ್ಸರ್ ಹತ್ರ ಗ್ರೀಸ್ ಬ್ಯಾಡ. ಎರಡು ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಇಟ್ಕಳಿ, ಒಂದೊಂದು ರಿಂಗ್‌ಗೆ ಒಂದೊಂದು ಸುತ್ತಿ ಹಗುರಾಗಿ ಹಿಡಿದು ತಿರುಗ್ಸಿ. ಬಿಗಿಯಾಗಿ ಹಿಸುಕುದ್ರೆ ರಿಂಗ್ ಮೊಟ್ಟೆ ಆಕಾರಕ್ಕೆ ಬಂದು ಇನ್ನೂ ಕಚ್ಕತದೆ. ಪಕ್ಕಡ್ ಅಂತೂ ಮುಟ್ಟಬ್ಯಾಡಿ.

ಸರಸ್ವತಿಪುರಂ 102
ಹಿನ್ನೀರಲ್ಲಿ ಈಗ ಆಕಾಶ ಹೇಗಿದೆ? ದಸರಾ ದೀಪಾಲಂಕಾರ ಮುಗಿಯೋವರೆಗೂ ಊರೊಳಗೆ ಏನೂ ಆಗಲ್ಲ.

ಹಿನ್ನೀರು
ಮೈಸೂರು ದಿಕ್ಕು ಬೆಳ್ಳಗೆ, ಪಶ್ಚಿಮ ಪರವಾಗಿಲ್ಲ. ಮೇಲುಕೋಟೆ ಕಡೆ ಹೋಗೋದು ವಾಸಿ.

ಕುಕ್ಕರಹಳ್ಳಿ ಏರಿ
ಐಪೀಸ್‌ಗಳನ್ನೆಲ್ಲ ಹಾಕಿ ನೋಡಿದೆ, ಅತಿ ಒಳಗೆ ಹೋಗೋದು 10 ಎಂಎಂ, ಸ್ಕೇಲ್ 41. ಹಾಗಾಗಿ ಸಿದ್ಧ ಸಿಗೋ 35 ಎಂಎಂ ತರಿಸಿದೆ, ಎಂ48 ಟಿ-ರಿಂಗ್ ಕೂಡ. ಇವತ್ತು ಗೋಪುರದ ಮೇಲೆ ನೋಡಿದೆ: ಬರೀ ಕ್ಯಾಮೆರಾ 53, ಫ್ಲ್ಯಾಟ್ನರ್ ಜೊತೆ 39, ಡಯಾಗನಲ್ 10. ಎಲ್ಲರಿಗೂ ಧನ್ಯವಾದ. ಒಂದೇ ಅನುಮಾನ. ಎಕ್ಸ್‌ಟೆನ್ಷನ್ ಎರಡು ಸ್ಕ್ರೂನಲ್ಲಿ ನಿಲ್ಲುತ್ತೆ, ಬಿಗಿ ಮಾಡುವಾಗ ಕ್ಯಾಮೆರಾ ಒಂದು ಕಡೆ ವಾಲುತ್ತೆ.

ಕೃತ್ತಿಕೆ
ಟೆಲಿಸ್ಕೋಪ್ ಮೂತಿ ನೆಲದ ಕಡೆ ಮಾಡಿ ಫೋಕಸರ್ ಮೇಲಕ್ಕೆ ಬರಲಿ. ಆಗ ಕ್ಯಾಮೆರಾ ತನ್ನ ತೂಕದಲ್ಲೇ ಭುಜದ ಮೇಲೆ ಸಮವಾಗಿ ಕೂರುತ್ತೆ. ಒಂದು ಸ್ಕ್ರೂ ಸ್ವಲ್ಪ, ಇನ್ನೊಂದು ಸ್ವಲ್ಪ, ಹೀಗೆ ಪಾಳಿ ಪ್ರಕಾರ ಬಿಗಿ ಮಾಡಿ. ಮೌಂಟ್ ಲಾಕ್ ಆಗಿದೆಯಾ ಮೊದಲು ನೋಡಿಕೊಳ್ಳಿ.

ತೂಬಿನಕೆರೆ ಲೇತ್
ಸ್ಕ್ರೂ ನೇರ ಬ್ಯಾರೆಲ್‌ಗೆ ತಾಕದೆ ಒಳಗೆ ಹಿತ್ತಾಳೆ ರಿಂಗ್ ಇದ್ಯಾ ನೋಡಿ ಅಣ್ಣ. ಇಲ್ದಿದ್ರೆ ಡ್ರಾಟ್ಯೂಬ್ ತುದೀಲಿ ಥ್ರೆಡ್ ಅದ್ಯಾ ನೋಡಿ ಪಿಚ್ಚು ಅಳೆದು ಹೇಳಿ, ಸ್ಕ್ರೂ ಬಿಟ್ಟು ನೇರ ಥ್ರೆಡ್‌ಗೆ ಕೂರೋ ಅಡಾಪ್ಟರ್ ಮಾಡುಸ್ಬೋದು.

ಕುಕ್ಕರಹಳ್ಳಿ ಏರಿ
ಹಿತ್ತಾಳೆ ರಿಂಗ್ ಇದೆ. ಮೂತಿ ಕೆಳಗೆ ಮಾಡಿ ಬಿಗಿ ಮಾಡಿದೆ, ವಾಲೋದು ನಿಂತಿತು. ಡ್ರಾಟ್ಯೂಬ್ ತುದಿಯಲ್ಲಿ ಹೊರಗಡೆ ಥ್ರೆಡ್ ಇದೆ, ಪಿಚ್ ಗೇಜ್ ಸಿಕ್ಕಿದ ಮೇಲೆ ಅಳತೆ ಹಾಕ್ತೀನಿ.